ಗರಿಕೆಯ ನೆಲ: ಹುಲ್ಲುಹಾಸಿನ ರೋಗ, ಕಳೆ ಮತ್ತು ಕೀಟಗಳ ನಿರ್ವಹಣೆ

ಗಣಪತಿಯ ಪೂಜೆಯಲ್ಲಿ ಇಪ್ಪತ್ತೊಂದು ಎಳೆಯಾಗಿ ಏರುವ ಗರಿಕೆಯೇ ರಾಗಿ ಹೊಲದಲ್ಲಿ ಕುಂಟೆ ಹೊಡೆದಷ್ಟೂ ತುಂಡುತುಂಡಾಗಿ ಚಿಗುರಿ ರೈತನನ್ನು ಹಣ್ಣುಮಾಡುವ ಕಳೆಯೂ ಹೌದು, ಕ್ರಿಕೆಟ್ ಮೈದಾನ, ಗಾಲ್ಫ್ ಅಂಗಳ ಮತ್ತು ನಗರದ ಉದ್ಯಾನಗಳಿಗೆ ಬರ್ಮುಡ ಹುಲ್ಲೆಂಬ ಹೆಸರಿನಲ್ಲಿ ಹಣ ಕೊಟ್ಟು ತಂದು ನೆಡುವ ಸಸ್ಯವೂ ಹೌದು. ಸಸ್ಯಶಾಸ್ತ್ರವು ಈ ಮೂರನ್ನೂ ಸೈನೋಡಾನ್ ಡ್ಯಾಕ್ಟಿಲಾನ್ ಎಂಬ ಒಂದೇ ಹೆಸರಿನಿಂದ ಕರೆಯುತ್ತದೆ. ನೆಲದೊಳಗಿನ ಕಾಂಡದಿಂದಲೂ ನೆಲದ ಮೇಲೆ ಹರಿಯುವ ಕುಡಿಯಿಂದಲೂ ಹಬ್ಬುವ, ಬಿಸಿಲಿಗೂ ತುಳಿತಕ್ಕೂ ಜಗ್ಗದ ಅದರ ಸ್ವಭಾವವು ಹೊಲದಲ್ಲಿ ದೋಷವೆನಿಸಿದರೆ ಮೈದಾನದಲ್ಲಿ ಯೋಗ್ಯತೆ ಎನಿಸುತ್ತದೆ. ಕಳೆತನವು ಸಸ್ಯದ ಜಾತಿಗಿಂತ ಅದು ನಿಂತ ನೆಲೆಗೆ ಸೇರಿದ್ದೆಂಬ ಈ ಮಾತು ರೋಗ ಮತ್ತು ಕೀಟಗಳಿಗೂ ಬಹುಮಟ್ಟಿಗೆ ಅನ್ವಯಿಸುತ್ತದೆ. ಶಿಲೀಂಧ್ರವೂ ಹುಳುವೂ ಮಣ್ಣಿನಲ್ಲಿ ಸದಾ ಇರುವಂಥವೇ ಆಗಿದ್ದು, ಅವು ಪೀಡೆಯಾಗಿ ತಲೆಯೆತ್ತುವುದು ನೀರು, ಕತ್ತರಿ, ಗೊಬ್ಬರ ಮತ್ತು ಮಣ್ಣಿನ ವಿಷಯದಲ್ಲಿ ಮನುಷ್ಯನು ತೆಗೆದುಕೊಂಡ ತೀರ್ಮಾನಗಳ ಹಿನ್ನೆಲೆಯಲ್ಲಿ ಎಂಬುದು ಹುಲ್ಲುಹಾಸಿನ ವಿಜ್ಞಾನವು ಒಂದು ಶತಮಾನದ ಅನುಭವದಿಂದ ಕಂಡುಕೊಂಡ ಸಂಗತಿಯಾಗಿದೆ.

ಹುಲ್ಲುಹಾಸು ಒಂದು ವಿಚಿತ್ರ ಬೆಳೆ. ಅದರಿಂದ ಕಾಳೂ ಇಲ್ಲ, ಮೇವೂ ಇಲ್ಲ. ಬೆಳೆದದ್ದನ್ನು ವಾರವಾರ ಕತ್ತರಿಸಿ ಎಸೆಯುವುದೇ ಅದರ ಬೇಸಾಯ. ಹುಲ್ಲಿನ ಬೆಳವಣಿಗೆಯ ಮೊಗ್ಗು ಬುಡದಲ್ಲಿ ನೆಲಕ್ಕೆ ಅಂಟಿಕೊಂಡಿರುವುದರಿಂದ ಅದು ಇಷ್ಟು ಕತ್ತರಿಯನ್ನು ತಾಳಿಕೊಳ್ಳುತ್ತದೆ. ಜಿಂಕೆ, ದನ, ಕುರಿಗಳ ಹಲ್ಲಿಗೆ ಒಗ್ಗಿಕೊಳ್ಳುತ್ತ ಬಂದ ಈ ಗುಣವನ್ನೇ 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ರೂಪಿಸಿದ ಕತ್ತರಿಯಂತ್ರವು ಬಳಸಿಕೊಂಡಿತು. ರಾಗಿ ಬೆಳೆಗಾರನು ರೋಗದಿಂದ ಎಷ್ಟು ಸೇರು ಕಾಳು ಹೋಗುತ್ತದೆ, ಔಷಧಕ್ಕೆ ಎಷ್ಟು ಹಣ ಬೇಕು ಎಂದು ತೂಗಿ ನೋಡಬಲ್ಲ. ಹೀಗೆ ತೂಗಿದ ಮೇಲೆ ಸಿಂಪಡಣೆಗೆ ತಕ್ಕುದೆಂದು ನಿರ್ಧಾರವಾಗುವ ಪೀಡೆಯ ಪ್ರಮಾಣವನ್ನು ಆರ್ಥಿಕ ಹಾನಿಯ ಮಟ್ಟವೆನ್ನುತ್ತಾರೆ, ಮತ್ತು 1959ರಲ್ಲಿ ಕ್ಯಾಲಿಫೋರ್ನಿಯದ ಕೀಟಶಾಸ್ತ್ರಜ್ಞರು ಈ ಕಲ್ಪನೆಯನ್ನು ಸ್ಪಷ್ಟಪಡಿಸಿದ ಮೇಲೆ ಅದು ಸಮಗ್ರ ಪೀಡೆ ನಿರ್ವಹಣೆಯ ಆಧಾರಸ್ತಂಭವಾಯಿತು. ಹುಲ್ಲುಹಾಸಿನಲ್ಲಿ ಇಳುವರಿ ಎಂಬುದು ಕಣ್ಣಿಗೆ ಕಾಣುವ ಹಸಿರು ಮಾತ್ರವಾದ್ದರಿಂದ ಇಂಥ ಲೆಕ್ಕ ಕಷ್ಟವಾಗುತ್ತದೆ. ಅಂಗೈಯಗಲದ ಒಂದು ಹಳದಿ ಮಚ್ಚೆ ಒಡೆಯನಿಗೆ ಸಹಿಸಲಾಗದಂತೆ ತೋರಿದರೆ ಅದೇ ಸಿಂಪಡಣೆಗೆ ಕಾರಣವಾಗಿಬಿಡುತ್ತದೆ. ಹೊಟ್ಟೆಗೆ ಅನ್ನ ಕೊಡುವ ಬೆಳೆಗಿಂತ ಕಣ್ಣಿಗೆ ತಂಪು ಕೊಡುವ ಬೆಳೆಗೆ ಕೆಲವೆಡೆ ಹೆಚ್ಚು ವಿಷ ಬೀಳುವುದರ ಹಿಂದೆ ಇರುವುದು ಈ ಅಳತೆಯ ಕೊರತೆಯೇ.

ಪೀಡೆಯ ಕಥೆ ಹುಲ್ಲಿನ ಆಯ್ಕೆಯಿಂದಲೇ ಶುರುವಾಗುತ್ತದೆ. ಅಮೆರಿಕದ ಜಾರ್ಜಿಯ ರಾಜ್ಯದ ಟಿಫ್ಟನ್ ಊರಿನ ಸಂಶೋಧನಾ ಕೇಂದ್ರದಲ್ಲಿ ಗ್ಲೆನ್ ಬರ್ಟನ್ ಎಂಬ ತಳಿವಿಜ್ಞಾನಿ ಸಾಧಾರಣ ಗರಿಕೆಯನ್ನು ದಕ್ಷಿಣ ಆಫ್ರಿಕದ ಸಣ್ಣೆಲೆಯ ಗರಿಕೆಯೊಡನೆ ಬೆರೆಸಿ ತೆಗೆದ ಟಿಫ್‌ಗ್ರೀನ್, ಟಿಫ್‌ವೇ, ಟಿಫ್‌ಡ್ವಾರ್ಫ್ ತಳಿಗಳು 1950 ಮತ್ತು 60ರ ದಶಕಗಳಿಂದ ಜಗತ್ತಿನ ಬಿಸಿನಾಡುಗಳ ಮೈದಾನಗಳಲ್ಲೆಲ್ಲ ಹರಡಿದವು. ಸಾಧಾರಣ ಗರಿಕೆಯಲ್ಲಿ 36 ಮತ್ತು ಸಣ್ಣೆಲೆಯ ಗರಿಕೆಯಲ್ಲಿ 18 ವರ್ಣತಂತುಗಳಿದ್ದು ಮಗುವಿನಲ್ಲಿ 27 ಉಳಿಯುವುದರಿಂದ ಈ ತಳಿಗಳು ಬಂಜೆ. ಬೀಜ ಕಟ್ಟದ ಇವುಗಳನ್ನು ಕುಡಿ ನೆಟ್ಟೇ ಬೆಳೆಸಬೇಕು. ಅಂದರೆ ಒಂದು ಮೈದಾನದಲ್ಲಿ ಹಬ್ಬಿದ ಲಕ್ಷಾಂತರ ಕುಡಿಗಳು ಅನುವಂಶೀಯವಾಗಿ ಒಂದೇ ಗಿಡದ ತುಂಡುಗಳು, ಮತ್ತು ಆ ಗಿಡಕ್ಕೆ ಒಗ್ಗದ ರೋಗವೊಂದು ಬಂದರೆ ಅದನ್ನು ತಡೆಯುವ ಬೇರೆ ಗುಣದ ನೆರೆಯ ಗಿಡವೆಂಬುದು ಅಲ್ಲಿ ಇರುವುದಿಲ್ಲ. ನೆರಳಿನ ಪ್ರಶ್ನೆ ಇನ್ನೂ ಸರಳವಾದುದು, ಆದರೂ ಪದೇಪದೇ ಮರೆತುಹೋಗುವಂಥದು. ಗರಿಕೆ ನೆರಳನ್ನು ಸಹಿಸದು. ಬೆಂಗಳೂರಿನ ಹಳೆಯ ಮಳೆಮರಗಳ ಕೆಳಗೆ ಅದನ್ನು ಹಾಸಿ, ಬಡಕಲಾದ ಮೇಲೆ ಗೊಬ್ಬರವನ್ನೂ ನೀರನ್ನೂ ಸುರಿದರೆ ಹುಲ್ಲು ಬಲಿಯುವ ಬದಲು ಪಾಚಿಯೂ ಶಿಲೀಂಧ್ರವೂ ಬಲಿಯುತ್ತವೆ. ಅಂಥ ಜಾಗಕ್ಕೆ ಕೊರಿಯನ್ ಹುಲ್ಲೆಂದು ನರ್ಸರಿಗಳಲ್ಲಿ ಸಿಗುವ ಜೋಯ್ಸಿಯ ಜಾತಿಯೋ ನೆರಳಿಗೆ ಒಗ್ಗಿದ ಬೇರೆ ನೆಲಹೊದಿಕೆಯೋ ತಕ್ಕುದು.

ರೋಗದ ವಿಚಾರದಲ್ಲಿ ಸಸ್ಯರೋಗಶಾಸ್ತ್ರವು ರೋಗತ್ರಿಕೋನವೆಂಬ ಕಲ್ಪನೆಯನ್ನು ಮುಂದಿಡುತ್ತದೆ: ರೋಗಕ್ಕೆ ಈಡಾಗಬಲ್ಲ ಸಸ್ಯ, ರೋಗ ತರುವ ಜೀವಿ ಮತ್ತು ಅದಕ್ಕೆ ಒದಗಿಬರುವ ವಾತಾವರಣ ಇವು ಮೂರೂ ಕೂಡಿದಾಗ ಮಾತ್ರ ರೋಗ ಹುಟ್ಟುತ್ತದೆ, ಒಂದು ಬದಿ ಕಳಚಿದರೂ ತ್ರಿಕೋನ ಬೀಳುತ್ತದೆ. ಹುಲ್ಲುಹಾಸಿನಲ್ಲಿ ಮನುಷ್ಯನ ಕೈಗೆ ಸುಲಭವಾಗಿ ಸಿಗುವ ಬದಿ ವಾತಾವರಣ, ಅದರಲ್ಲೂ ಎಲೆಯ ಮೇಲೆ ತೇವ ನಿಲ್ಲುವ ಅವಧಿ. ಶಿಲೀಂಧ್ರದ ಬೀಜಾಣು ಮೊಳೆತು ಎಲೆಯೊಳಗೆ ಇಳಿಯಲು ಹಲವು ಗಂಟೆಗಳ ನಿರಂತರ ತೇವ ಬೇಕು. ಬೆಳಗಿನ ಜಾವ ಇಬ್ಬನಿಯಿಂದ ಎಲೆ ಹೇಗೂ ಒದ್ದೆಯಾಗಿರುವುದರಿಂದ ಆಗ ನೀರು ಹಾಯಿಸಿದರೆ ತೇವದ ಅವಧಿ ಹೆಚ್ಚೇನೂ ಬೆಳೆಯುವುದಿಲ್ಲ; ಅದೇ ನೀರನ್ನು ಸಂಜೆ ಹಾಯಿಸಿದರೆ ಸೂರ್ಯ ಮುಳುಗುವ ಮೊದಲೇ ಒದ್ದೆಯಾದ ಎಲೆ ಮರುದಿನ ಬಿಸಿಲೇರುವವರೆಗೆ ಒದ್ದೆಯಾಗಿಯೇ ಉಳಿದು, ಶಿಲೀಂಧ್ರಕ್ಕೆ ಒಂದಿಡೀ ರಾತ್ರಿಯನ್ನು ಧಾರೆಯೆರೆದಂತಾಗುತ್ತದೆ. ಗಾಲ್ಫ್ ಅಂಗಳಗಳಲ್ಲಿ ಮುಂಜಾನೆ ಉದ್ದನೆಯ ಹಗ್ಗವನ್ನೋ ಕೊಳವೆಯನ್ನೋ ಹುಲ್ಲಿನ ಮೇಲೆ ಎಳೆದು ಇಬ್ಬನಿ ಒರೆಸುವ ರೂಢಿ ಇರುವುದು ಇದೇ ಕಾರಣಕ್ಕೆ. ಕಾಸಿನ ಖರ್ಚಿಲ್ಲದ ಈ ಕೆಲಸವು ಹಲವು ಸಿಂಪಡಣೆಗಳನ್ನು ಉಳಿಸುತ್ತದೆ ಎಂಬುದರಲ್ಲಿ ತಜ್ಞರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಹುಲ್ಲುಹಾಸಿನ ರೋಗಗಳು ಕನ್ನಡ ಕೃಷಿಕರಿಗೆ ಪರಕೀಯವೇನಲ್ಲ, ಹೆಸರು ಮಾತ್ರ ಹೊಸದು. ಬೆಚ್ಚನೆಯ ಮೋಡದ ದಿನಗಳಲ್ಲಿ ವೃತ್ತಾಕಾರವಾಗಿ ಹುಲ್ಲನ್ನು ಕಂದಿಸುವ ಕಂದುಮಚ್ಚೆ ರೋಗಕ್ಕೆ ಕಾರಣವಾದ ರೈಜೋಕ್ಟೋನಿಯ ಸೊಲಾನಿ ಎಂಬ ಶಿಲೀಂಧ್ರವೇ ಭತ್ತದ ಎಲೆಕವಚದ ಅಂಗಮಾರಿಯನ್ನೂ ತರುತ್ತದೆ. ರಾಗಿಯ ತೆನೆಯ ಕತ್ತನ್ನು ಕಪ್ಪಾಗಿಸುವ ಬೆಂಕಿರೋಗದ ಪೈರಿಕ್ಯುಲೇರಿಯ ಶಿಲೀಂಧ್ರದ ಬಳಗವೇ ತಂಪು ದೇಶಗಳ ರೈ ಹುಲ್ಲಿನಲ್ಲೂ ಅಗಲ ಎಲೆಯ ಸೇಂಟ್ ಆಗಸ್ಟೀನ್ ಹುಲ್ಲಿನಲ್ಲೂ ಬೂದುಚುಕ್ಕೆ ರೋಗವಾಗಿ ಕಾಣಿಸಿಕೊಳ್ಳುತ್ತದೆ; ಆದರೆ ಒಂದೊಂದು ಹುಲ್ಲಿಗೆ ಒಗ್ಗಿದ ತಳಿಗಳು ಬೇರೆಬೇರೆಯಾಗಿರುವುದರಿಂದ ರಾಗಿಯ ರೋಗ ಅಂಗಳದ ಹುಲ್ಲಿಗೆ ಸಲೀಸಾಗಿ ದಾಟುವುದಿಲ್ಲ. ರಾತ್ರಿಯೊಂದರಲ್ಲೇ ಹುಲ್ಲನ್ನು ಜಿಡ್ಡು ಜಿಡ್ಡಾಗಿ ಕೊಳೆಸುವ, ನೀರು ಹರಿದ ದಾರಿಯಲ್ಲೇ ಪಟ್ಟೆಯಾಗಿ ಹರಡುವ ಪಿಥಿಯಂ ರೋಗದ ಜೀವಿಯಂತೂ ಮಲೆನಾಡಿನ ಅಡಿಕೆಯ ಕೊಳೆರೋಗ ತರುವ ಫೈಟಾಫ್ತೊರದ ಹತ್ತಿರದ ಬಂಧು. ಇವೆರಡೂ ನಿಜವಾದ ಶಿಲೀಂಧ್ರಗಳಲ್ಲ. ನೀರಿನಲ್ಲಿ ಈಜಬಲ್ಲ ಬೀಜಾಣುಗಳನ್ನು ಬಿಡುವ ಊಮೈಸೀಟ್ ಎಂಬ ಪ್ರತ್ಯೇಕ ಗುಂಪಿಗೆ ಸೇರಿದವು, ಆದ್ದರಿಂದಲೇ ನೀರು ನಿಲ್ಲುವ ನೆಲ ಅವಕ್ಕೆ ಪ್ರಿಯ. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್, ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಮಳೆಗೆ ಮುಂಚೆ ಸಿಂಪಡಿಸಿ ಕೊಳೆರೋಗ ತಡೆಯುವ ಕ್ರಮವನ್ನು ಅಡಿಕೆ ಬೆಳೆಗಾರರಲ್ಲಿ ನೆಲೆಗೊಳಿಸಿದರು. ಮುಂದಿನ ವರ್ಷಗಳಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ ಹುಲ್ಲಿನ ಕಂದುಮಚ್ಚೆಗೂ ಬೋರ್ಡೋ ದ್ರಾವಣವನ್ನೇ ಪ್ರಯೋಗಿಸಲಾಯಿತು. ಆದರೆ ವರ್ಷಕ್ಕೆ ಎರಡು ಬಾರಿ ಮರದ ಗೊನೆಗೆ ಹೊಡೆಯುವುದಕ್ಕೂ ಒಂದೇ ನೆಲಕ್ಕೆ ತಿಂಗಳು ತಿಂಗಳು ಹೊಡೆಯುವುದಕ್ಕೂ ಅಜಗಜಾಂತರವಿದೆ. ಮಣ್ಣಿನಲ್ಲಿ ತಾಮ್ರ ಸೇರುತ್ತ ಹೋಗಿ ಹುಲ್ಲಿಗೇ ನಂಜಾದ್ದರಿಂದ ಅಲ್ಲಿ ಆ ಮದ್ದನ್ನು ಕೈಬಿಡಬೇಕಾಯಿತು.

ತಾಮ್ರದ ಜಾಗಕ್ಕೆ ಬಂದದ್ದು ಪಾದರಸ. ಅಮೆರಿಕದ ಬೆಳ್ಳಿಯ ಡಾಲರ್ ನಾಣ್ಯದಷ್ಟು ಅಗಲದ ಒಣಹುಲ್ಲಿನ ಬಣ್ಣದ ಮಚ್ಚೆಗಳನ್ನು ಮೂಡಿಸುವುದರಿಂದ ಡಾಲರ್ ಸ್ಪಾಟ್ ಎಂದು ಹೆಸರಾದ ರೋಗಕ್ಕೆ ಪಾದರಸದ ಸಂಯುಕ್ತಗಳನ್ನು ಇಪ್ಪತ್ತನೆಯ ಶತಮಾನದ ಬಹುಭಾಗ ಗಾಲ್ಫ್ ಅಂಗಳಗಳಿಗೆ ಸುರಿಯಲಾಯಿತು. ಮಣ್ಣಿನಲ್ಲಿ ಕರಗಿಹೋಗದ ಈ ಲೋಹವನ್ನು ಅದರ ವಿಷವರಿತ ಮೇಲೆ ನಿಲ್ಲಿಸಲಾಯಿತು. ಬಳಿಕ ಬಂದ ಬೆನೊಮಿಲ್‌ನಂಥ ಅಂತರ್ವ್ಯಾಪಿ ಶಿಲೀಂಧ್ರನಾಶಕಗಳು, ಅಂದರೆ ಸಸ್ಯರಸದೊಡನೆ ಒಳಗೆ ಹರಡಿ ಕೆಲಸಮಾಡುವ ಔಷಧಗಳು, ಮೊದಲು ಅದ್ಭುತವೆನಿಸಿದರೂ 1970ರ ದಶಕದಲ್ಲೇ ಡಾಲರ್ ಸ್ಪಾಟ್ ಶಿಲೀಂಧ್ರವು ಅವಕ್ಕೆ ನಿರೋಧ ಬೆಳೆಸಿಕೊಂಡಿತು. ಒಂದೇ ಬಗೆಯ ಔಷಧವನ್ನು ಮತ್ತೆ ಮತ್ತೆ ಹೊಡೆದಾಗ ಅದಕ್ಕೆ ಸಾಯದೆ ಉಳಿದ ಕೆಲವೇ ತಳಿಗಳು ನೆಲವನ್ನೆಲ್ಲ ಆಕ್ರಮಿಸುವುದೇ ನಿರೋಧ, ಮತ್ತು ಇದನ್ನು ಬೇರೆ ಬೇರೆ ವಿಧಾನದಲ್ಲಿ ಕೊಲ್ಲುವ ಔಷಧಗಳನ್ನು ಸರದಿಯಲ್ಲಿ ಬಳಸಿ ನಿಧಾನಗೊಳಿಸಬಹುದೇ ಹೊರತು ತಪ್ಪಿಸಲಾಗದು. ಈ ಶಿಲೀಂಧ್ರದ ವರ್ಗೀಕರಣವೂ ಬಹುಕಾಲ ಗೊಂದಲದಲ್ಲಿದ್ದು, 2018ರಲ್ಲಷ್ಟೇ ಅದಕ್ಕೆ ಕ್ಲಾರಿರೀಡಿಯ ಎಂಬ ಹೊಸ ಕುಲನಾಮ ಸಿಕ್ಕಿತು. ಅದೇ 2018ರಲ್ಲಿ ಭಾರತ ಸರ್ಕಾರವು ನಿಷೇಧಿಸಿದ 18 ಪೀಡೆನಾಶಕಗಳ ಪಟ್ಟಿಯಲ್ಲಿ ಬೆನೊಮಿಲ್ ಇತ್ತು, ಪಾದರಸದ ಒಂದು ಸಂಯುಕ್ತವೂ ಇತ್ತು.

ಔಷಧದ ಈ ಏಳುಬೀಳುಗಳ ನಡುವೆ ಬದಲಾಗದೆ ಉಳಿದದ್ದು ಸಾರಜನಕದ ಪಾಠ. ಹುಲ್ಲಿಗೆ ಸಾರಜನಕ ಕಡಿಮೆಯಾದರೆ ಡಾಲರ್ ಸ್ಪಾಟ್ ಮತ್ತು ತುಕ್ಕುರೋಗ ಹೆಚ್ಚುತ್ತವೆ; ಯೂರಿಯಾ ಅತಿಯಾಗಿ ಎಲೆ ಮೆತ್ತಗಾದರೆ ಕಂದುಮಚ್ಚೆಯೂ ಪಿಥಿಯಮ್ಮೂ ಬರುತ್ತವೆ. ಆದ್ದರಿಂದ ಮಚ್ಚೆ ಕಂಡೊಡನೆ ಗೊಬ್ಬರ ಹಾಕಬೇಕೋ ನಿಲ್ಲಿಸಬೇಕೋ ಎಂಬುದು ರೋಗ ಯಾವುದೆಂದು ತಿಳಿಯದೆ ಉತ್ತರಿಸಲಾಗದ ಪ್ರಶ್ನೆ. ಬೆಳಿಗ್ಗೆ ಬಗ್ಗಿ ನೋಡಿದರೆ ಮಚ್ಚೆಯ ಅಂಚಿನಲ್ಲಿ ಜೇಡರ ಬಲೆಯಂಥ ಬಿಳಿ ನೂಲು ಕಾಣುತ್ತದೆಯೇ, ಎಲೆಯ ಮೇಲೆ ಮರಳುಗಡಿಯಾರದಂತೆ ನಡು ಕಿರಿದಾದ ಗಾಯವಿದೆಯೇ, ಬೆರಳಿಗೆ ಜಿಡ್ಡು ಹತ್ತುತ್ತದೆಯೇ, ಕೇಸರಿ ಪುಡಿ ಅಂಟುತ್ತದೆಯೇ ಎಂಬ ನಾಲ್ಕು ಗುರುತುಗಳಿಂದಲೇ ಅರ್ಧ ನಿರ್ಣಯವಾಗುತ್ತದೆ. ಗರಿಕೆಯ ಎಲೆಗಳು ಸುಣ್ಣದಂತೆ ಬೆಳ್ಳಗಾಗಿ ಕುಡಿಗಳು ಪೊರಕೆಯಂತೆ ಒತ್ತೊತ್ತಾದರೆ ಅದು ಬಿಳಿಎಲೆ ರೋಗ. ಗೋಡೆಯಿಲ್ಲದ ಬ್ಯಾಕ್ಟೀರಿಯದಂಥ ಫೈಟೋಪ್ಲಾಸ್ಮ ಎಂಬ ಜೀವಿಯಿಂದ ಬರುವ ಅದಕ್ಕೆ ಶಿಲೀಂಧ್ರನಾಶಕ ಹೊಡೆಯುವುದು ವ್ಯರ್ಥ, ಕಂಡ ಕಂತೆಯನ್ನು ಬೇರುಸಹಿತ ಕಿತ್ತು ಹಾಕುವುದೊಂದೇ ದಾರಿ.

ನೀರು ನಿಲ್ಲುವುದನ್ನು ತಪ್ಪಿಸುವ ವಿಷಯದಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣವು 2017ರಲ್ಲಿ ಕ್ರಿಕೆಟ್ ಜಗತ್ತಿನಲ್ಲೇ ಮೊದಲೆಂಬಂತೆ ನೆಲದಡಿಯಿಂದ ನೀರನ್ನು ಹೀರಿ ಬೇರಿಗೆ ಗಾಳಿ ನುಗ್ಗಿಸುವ ಸಬ್‌ಏರ್ ವ್ಯವಸ್ಥೆಯನ್ನು ಅಳವಡಿಸಿಕೊಂಡಿತು. ಸಾಮಾನ್ಯ ಅಂಗಳಕ್ಕೆ ಅಂಥ ವೆಚ್ಚ ಸಲ್ಲದು, ಬೇಕಾಗಿಯೂ ಇಲ್ಲ. ತುಳಿತದಿಂದ ಗಟ್ಟಿಯಾದ ಕೆಂಪುಮಣ್ಣಿಗೆ ಮಳೆಗಾಲದ ಮುನ್ನ ಕೊಳವೆಮುಳ್ಳಿನಿಂದ ರಂಧ್ರ ಕೊಟ್ಟು ಮರಳು ತುಂಬುವುದು, ಬುಡದಲ್ಲಿ ಸತ್ತ ಕಾಂಡಗಳು ಹೆಣೆದುಕೊಂಡು ಆಗುವ ಒಣಪದರವು ಒಂದು ಸೆಂಟಿಮೀಟರಿಗಿಂತ ದಪ್ಪವಾದಾಗ ಹಲ್ಲುಕುಂಟೆಯಿಂದ ಕೆರೆದು ತೆಗೆಯುವುದು, ಒಂದು ಕತ್ತರಿಗೆ ಎಲೆಯ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಕೊಯ್ಯದಿರುವುದು ಸಾಕು. ಬರಗಾಲದ 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸಿದಾಗ ಹುಲ್ಲುಹಾಸಿನ ಒಡೆಯರು ದಿನವೂ ಚಿಮುಕಿಸುವ ಅಭ್ಯಾಸವನ್ನು ಬಿಡಬೇಕಾಯಿತು. ದಿನದಿನದ ಚಿಮುಕಿಗಿಂತ ವಾರಕ್ಕೊಂದೆರಡು ಬಾರಿ ಆಳಕ್ಕಿಳಿಯುವಂತೆ ಕೊಟ್ಟ ನೀರು ಬೇರನ್ನು ಕೆಳಕ್ಕೆ ಕರೆದು ಹುಲ್ಲನ್ನು ಗಟ್ಟಿಮಾಡುತ್ತದೆ, ಮೇಲ್ಪದರದ ಶಿಲೀಂಧ್ರವನ್ನೂ ಜೇಕನ್ನೂ ಹಸಿವಿನಲ್ಲಿಡುತ್ತದೆ.

ಜೇಕು ಎಂಬ ಹೆಸರು ಹುಲ್ಲುಹಾಸಿನ ಕಳೆಗಳಲ್ಲಿ ಮೊದಲು ಬರಬೇಕಾದದ್ದು. ಕೊನ್ನಾರಿಗಡ್ಡೆ, ಭದ್ರಮುಷ್ಟಿ ಎಂದು ನಾಟಿವೈದ್ಯರು ಆದರಿಸುವ ಈ ಸಸ್ಯವನ್ನು 1977ರಲ್ಲಿ ಲೆರಾಯ್ ಹೋಮ್ ಮತ್ತು ಸಂಗಡಿಗರು ಜಗತ್ತಿನ ಅತಿ ಕೆಟ್ಟ ಕಳೆಯೆಂದು ಮೊದಲ ಸ್ಥಾನದಲ್ಲಿಟ್ಟರು. 90ಕ್ಕೂ ಹೆಚ್ಚು ದೇಶಗಳಲ್ಲಿ ಅದು ಬೆಳೆಗಳನ್ನು ಕಾಡುತ್ತದೆ. ಹುಲ್ಲಿನಂತೆ ಕಂಡರೂ ಅದು ಹುಲ್ಲಲ್ಲ. ಬೆರಳಲ್ಲಿ ಹೊರಳಿಸಿದರೆ ಮೂರು ಮೂಲೆಯಾಗಿ ಸಿಗುವ ಕಾಂಡವೇ ಅದರ ಗುರುತು. ನೆಲದಡಿಯಲ್ಲಿ ಸರಪಳಿಯಂತೆ ಒಂದಕ್ಕೊಂದು ಪೋಣಿಸಿಕೊಂಡ ಗಡ್ಡೆಗಳಲ್ಲಿ ತುದಿಯ ಗಡ್ಡೆ ಚಿಗುರಿ ಉಳಿದವು ಮಲಗಿರುತ್ತವೆ, ಮತ್ತು ಮೇಲಿನ ಎಲೆಯನ್ನು ಕಿತ್ತಾಗ ಸರಪಳಿ ಕಡಿದು ಮಲಗಿದ್ದ ಗಡ್ಡೆಗಳೆಲ್ಲ ಎಚ್ಚರಗೊಳ್ಳುತ್ತವೆ. ಕೈಯಿಂದ ಎಳೆದಷ್ಟೂ ಜೇಕು ಹೆಚ್ಚಾಯಿತೆಂಬ ಮಾಲಿಗಳ ಅನುಭವದ ಹಿಂದಿರುವುದು ಈ ಜೀವಶಾಸ್ತ್ರವೇ. ಆದರೆ ಅದಕ್ಕೂ ಎರಡು ಬಲಹೀನತೆಗಳಿವೆ. ನೆರಳನ್ನು ಅದು ತಾಳದು, ಒಣಗಿದ ಗಡ್ಡೆ ಮತ್ತೆ ಚಿಗುರದು. ಹೊಸದಾಗಿ ಹುಲ್ಲು ಹಾಸುವ ಮುನ್ನ ಬೇಸಗೆಯಲ್ಲಿ ನೆಲವನ್ನು ಅಗೆದು ಹೆಂಟೆಗಳನ್ನು ಬಿಸಿಲಿಗೆ ಒಡ್ಡಿ ಗಡ್ಡೆ ಆಯುವುದು, ಬಳಿಕ ನೀರು ಕೊಟ್ಟು ಉಳಿದವನ್ನು ಚಿಗುರಿಸಿ ಮತ್ತೆ ಅಗೆಯುವುದು, ಹೀಗೆ ಎರಡು ಮೂರು ಸುತ್ತು ಮಾಡಿದ ಅಂಗಳಕ್ಕೂ ಅವಸರದಲ್ಲಿ ಹಾಸಿದ ಅಂಗಳಕ್ಕೂ ಇರುವ ಅಂತರ ಹತ್ತು ವರ್ಷ ಕಣ್ಣಿಗೆ ಕಾಣುತ್ತದೆ.

ಜೇಕು ಅಂಗಳಕ್ಕೆ ಬರುವ ದಾರಿಯೂ ಗಮನಾರ್ಹ. ಅದು ಹಾರಿ ಬರುವುದಿಲ್ಲ, ಲಾರಿಯಲ್ಲಿ ಬರುತ್ತದೆ. ಕೆರೆಯಂಗಳದ ಮಣ್ಣು, ಕಳಿಯದ ಕೊಟ್ಟಿಗೆಗೊಬ್ಬರ ಮತ್ತು ಅಗ್ಗದ ನರ್ಸರಿಯ ಹುಲ್ಲುಹೆಂಟೆಗಳಲ್ಲಿ ಜೇಕಿನ ಗಡ್ಡೆಯೂ ಮುಟ್ಟಿದರೆಮುನಿಯ ಬೀಜವೂ ಗೊಣ್ಣೆಹುಳುವಿನ ಮೊಟ್ಟೆಯೂ ಒಟ್ಟಿಗೆ ಪ್ರಯಾಣಿಸುತ್ತವೆ. ತಿಪ್ಪೆಯನ್ನು ಸರಿಯಾಗಿ ಮಗುಚಿ ಅದರ ಒಡಲು ಹಲವು ದಿನ 55 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯುವಂತೆ ಕಳಿಯಬಿಟ್ಟರೆ ಬಹುಪಾಲು ಬೀಜ, ಮೊಟ್ಟೆಗಳು ಸಾಯುತ್ತವೆ. ಕಾಡುರಾಗಿಯಂಥ ವಾರ್ಷಿಕ ಹುಲ್ಲುಗಳು, ಹುಳಿಸೊಪ್ಪು, ಅಚ್ಚೆಗಿಡ ಮೊದಲಾದವು ಹುಲ್ಲು ತೆಳುವಾದಲ್ಲಿ, ಮಣ್ಣು ಬಿಗಿದಲ್ಲಿ, ಕತ್ತರಿ ಬೋಳುಹೊಡೆದಲ್ಲಿ ಮಾತ್ರ ಮೊಳೆಯುವುದರಿಂದ ಅವನ್ನು ಕಾರಣಕ್ಕಿಂತ ಸೂಚನೆಯೆಂದು ಓದುವುದು ಸರಿ. ಅಗಲ ಎಲೆಯ ಕಳೆಗಳನ್ನು ಮಾತ್ರ ಕೊಲ್ಲುವ 2,4-ಡಿ ಎಂಬ ಔಷಧ 1940ರ ದಶಕದಿಂದ ಬಳಕೆಯಲ್ಲಿದೆ. ಸಸ್ಯದ ಬೆಳವಣಿಗೆಯ ಹಾರ್ಮೋನನ್ನು ಅನುಕರಿಸಿ ಅದು ಎಲೆಯನ್ನು ತಿರುಚಿ ಸಾಯಿಸುತ್ತದೆ. ಗಾಳಿಯಲ್ಲಿ ತೇಲಿಹೋದ ಅದರ ಅಲ್ಪಾಂಶವೂ ದ್ರಾಕ್ಷಿ, ಹತ್ತಿ, ಟೊಮೇಟೊಗಳನ್ನು ಕೆಡಿಸುತ್ತದೆ ಎಂಬುದನ್ನು ತೋಟಗಳ ನೆರೆಯಲ್ಲಿ ರೆಸಾರ್ಟು ಕಟ್ಟುವವರು ಮರೆಯಬಾರದು. ಎಲ್ಲ ಹಸಿರನ್ನೂ ಕೊಲ್ಲುವ ಗ್ಲೈಫೋಸೇಟನ್ನು ಪೀಡೆನಿಯಂತ್ರಣದ ಪರವಾನಗಿ ಪಡೆದವರು ಮಾತ್ರ ಬಳಸಬೇಕೆಂದು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆದೇಶಿಸಿದೆ.

ಆಕ್ರಮಣಕಾರಿ ಕಳೆ ಎಂಬ ಮಾತಿಗೆ ಕರ್ನಾಟಕದಲ್ಲಿ ಪಾರ್ಥೇನಿಯಂಗಿಂತ ದೊಡ್ಡ ಉದಾಹರಣೆಯಿಲ್ಲ, ಮತ್ತು ಅದರ ನಿರ್ವಹಣೆಯ ಚರಿತ್ರೆ ಬೆಂಗಳೂರಿನದೇ ಚರಿತ್ರೆ. ಮಧ್ಯ ಅಮೆರಿಕ ಮೂಲದ ಈ ಗಿಡ 1956ರಲ್ಲಿ ಪುಣೆಯಿಂದ ವರದಿಯಾಗಿ, ಆಮದು ಗೋಧಿಯೊಡನೆ ಬಂದಿತೆಂಬ ನಂಬಿಕೆಯೊಡನೆ ಜನರ ಬಾಯಲ್ಲಿ ಕಾಂಗ್ರೆಸ್ ಗಿಡವಾಗಿ, ಎರಡು ದಶಕಗಳೊಳಗೆ ಬಯಲುಸೀಮೆಯ ಗೋಮಾಳ, ರೈಲುಹಾದಿ, ಖಾಲಿ ನಿವೇಶನಗಳನ್ನೆಲ್ಲ ತುಂಬಿತು. ಅದರಲ್ಲಿರುವ ಪಾರ್ಥೇನಿನ್ ಎಂಬ ವಸ್ತುವಿನಿಂದ ಚರ್ಮ ತುರಿಸಿ ಒಡೆಯುತ್ತದೆ, ಹೂಪುಡಿಯಿಂದ ಉಬ್ಬಸ ಬರುತ್ತದೆ. ಮೇವಿಗೆ ಬೇರೆ ಹಸಿರಿಲ್ಲದೆ ಅದನ್ನು ತಿಂದ ದನದ ಹಾಲು ಕಹಿಯಾಗುತ್ತದೆ. ಕರ್ನಾಟಕ ಸರ್ಕಾರವು 1975ರಲ್ಲಿ ಕೃಷಿಪೀಡೆಗಳ ಕಾನೂನಿನಡಿ ಅದನ್ನು ಅಪಾಯಕಾರಿ ಕಳೆಯೆಂದು ಘೋಷಿಸಿತು. ಕಾನೂನು ಕೀಳಿಸಿದ್ದಕ್ಕಿಂತ ಹೆಚ್ಚಿನದನ್ನು ಮಾಡಿದ್ದು ಒಂದು ದುಂಬಿ. ಮೆಕ್ಸಿಕೋದಿಂದ ತರಿಸಿದ ಜೈಗೋಗ್ರಾಮ ಬೈಕಲರೇಟ ಎಂಬ, ತಿಳಿಹಳದಿ ಬೆನ್ನಿನ ಮೇಲೆ ಕಂದು ಗೆರೆಗಳುಳ್ಳ ಪುಟ್ಟ ದುಂಬಿಯನ್ನು ಬೆಂಗಳೂರಿನ ಸಂಶೋಧಕರು ಪರೀಕ್ಷಿಸಿ 1984ರಲ್ಲಿ ಇಲ್ಲಿಯೇ ಬಿಡುಗಡೆ ಮಾಡಿದರು. ಮೊದಲ ಕೆಲವು ವರ್ಷ ಏನೂ ಆಗದಂತೆ ತೋರಿ, ಆ ದಶಕದ ಕೊನೆಯ ಹೊತ್ತಿಗೆ ಅದು ಬೆಂಗಳೂರಿನ ಸುತ್ತ ಪಾರ್ಥೇನಿಯಂನ ಎಲೆಗಳನ್ನು ನರ ಮಾತ್ರ ಉಳಿಯುವಂತೆ ತಿಂದುಹಾಕಿತು. ಅದೇ ದುಂಬಿ ಸೂರ್ಯಕಾಂತಿ ಹೊಲದಲ್ಲಿ ಕಂಡಾಗ ಗಾಬರಿ ಹುಟ್ಟಿ, ಬಿಡುಗಡೆಯೂ ಕೆಲಕಾಲ ನಿಂತು, ವಿಚಾರಣೆಯ ಬಳಿಕ ಸೂರ್ಯಕಾಂತಿಗೆ ಅದರಿಂದ ಗಣನೀಯ ಅಪಾಯವಿಲ್ಲವೆಂದು ಕಂಡುಬಂದಿತು.

ಈ ಪ್ರಯೋಗವು ಸಂಪೂರ್ಣ ಗೆಲುವಲ್ಲವೆಂಬುದೂ ಅಷ್ಟೇ ನಿಜ. ದುಂಬಿಯು ಒಣ ತಿಂಗಳುಗಳಲ್ಲಿ ಮಣ್ಣಿನೊಳಗೆ ನಿದ್ರಿಸಿ ಮುಂಗಾರಿನೊಡನೆ ಮೇಲೇಳುತ್ತದೆ. ನೀರಾವರಿಯ ಅಂಚಿನಲ್ಲಿ, ಚರಂಡಿಯ ಪಕ್ಕದಲ್ಲಿ ಅಕಾಲದಲ್ಲಿ ಬೆಳೆಯುವ ಗಿಡವನ್ನು ತಿನ್ನಲು ಅದು ಅಲ್ಲಿರುವುದಿಲ್ಲ, ಮತ್ತು ಒಂದೇ ಗಿಡ ಉದುರಿಸುವ 10 ಸಾವಿರಕ್ಕೂ ಮೇಲ್ಪಟ್ಟ ಬೀಜಗಳ ದಾಸ್ತಾನು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಆ ಕೊರತೆಯನ್ನು ತುಂಬುವ ಪೈಪೋಟಿಯ ಸಸ್ಯಗಳ ವಿಚಾರವನ್ನು ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ, ಭತ್ತದ ತಳಿಗಳಿಂದ ಹೆಸರಾದ ಎಂ. ಮಹದೇವಪ್ಪನವರು ನಾಡಿನಾದ್ಯಂತ ಸಾರಿದರು: ತಗಚೆಯ ಬಳಗದ ಕ್ಯಾಸಿಯಾ ಸೆರಿಸಿಯದಂಥ ಗಿಡದ ಬೀಜವನ್ನು ಮುಂಗಾರಿಗೆ ಮುನ್ನ ಚೆಲ್ಲಿದರೆ ಅದು ಒತ್ತಾಗಿ ಬೆಳೆದು ಪಾರ್ಥೇನಿಯಂಗೆ ಬೆಳಕನ್ನೇ ಬಿಡುವುದಿಲ್ಲ. ಹುಲ್ಲುಹಾಸಿನಲ್ಲಿ ಒತ್ತಾದ ಗರಿಕೆ ಕಳೆಗೆ ಮಾಡುವುದೂ ಇದನ್ನೇ, ಮತ್ತು ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು ಸೀಮೆಯ ಅಮೃತಮಹಲ್ ಕಾವಲುಗಳಲ್ಲಿ ಶತಮಾನಗಳ ಕಾಲ ಮೇಯ್ದ ಹುಲ್ಲು ಮಾಡಿದ್ದೂ ಇದನ್ನೇ. ಕಾವಲುಗಳ ಹುಲ್ಲು ಹರಿದು ಬೇಸಾಯಕ್ಕೂ ನೆಡುತೋಪಿಗೂ ಹೋದಲ್ಲೆಲ್ಲ ಬಳ್ಳಾರಿ ಜಾಲಿಯೂ ಲಂಟಾನವೂ ಪಾರ್ಥೇನಿಯಮ್ಮೂ ಹೊಕ್ಕಿವೆ. ಐಷಾರಾಮದ ಅಂಗಳಕ್ಕೆ ಮೀಸಲಾದ ಹುಲ್ಲಿನ ಜ್ಞಾನವು ಈ ದೊಡ್ಡ ಹುಲ್ಲುನೆಲಗಳಿಗೆ ತಲುಪದಿರುವುದು ನಾಡಿನ ನಷ್ಟ.

ಕೀಟಗಳಲ್ಲಿ ಬೇರು ತಿನ್ನುವ ಗೊಣ್ಣೆಹುಳು ಮುಖ್ಯವಾದದ್ದು. ಇಂಗ್ಲಿಷಿನ ಸಿ ಅಕ್ಷರದಂತೆ ಬಾಗಿ ಮಲಗುವ, ಕಂದು ತಲೆಯ ಈ ಬಿಳಿ ಹುಳು ಕಬ್ಬು, ಶೇಂಗಾ ಬೆಳೆಗಾರರಿಗೂ, ಅದರ ಬಳಗದ ಬೇರುಹುಳು ಅಡಿಕೆ ಬೆಳೆಗಾರರಿಗೂ ಹಳೆಯ ಶತ್ರು. ಮುಂಗಾರಿಗೆ ಮುಂಚಿನ ಮೊದಲ ಭಾರಿ ಮಳೆ ಬಿದ್ದ ಸಂಜೆ ಮಣ್ಣಿನಿಂದೇಳುವ ದುಂಬಿಗಳು ಬೇವು, ಜಾಲಿ ಮರಗಳಲ್ಲಿ ಸೇರಿ ಎಲೆ ತಿಂದು, ಕೂಡಿ, ಬೆಳಗಾಗುವಾಗ ಮಣ್ಣಿಗಿಳಿದು ಮೊಟ್ಟೆಯಿಡುತ್ತವೆ. ಹುಟ್ಟಿದ ಹುಳು ಎರಡು ಬಾರಿ ಪೊರೆ ಕಳಚಿ ದೊಡ್ಡದಾಗಿ ಮಳೆಗಾಲದ ನಡುವಿನಿಂದ ಹಿಂಗಾರಿನವರೆಗೆ ಬೇರನ್ನು ಕತ್ತರಿಸುತ್ತದೆ. ಬೇರಿಲ್ಲದ ಹುಲ್ಲು ಚಾಪೆಯಂತೆ ಸುರುಳಿ ಸುತ್ತಿ ಎತ್ತಲು ಬರುವುದು, ಹಂದಿ, ಕಾಗೆ, ಮೈನಾಗಳು ನೆಲ ಕೆದರುವುದು ಇದರ ಲಕ್ಷಣ. ಅಡಿಯುದ್ದ ಅಡಿಯಗಲದ ಹೆಂಟೆಯನ್ನು ಕೆಲವೆಡೆ ಎತ್ತಿ ಎಣಿಸಿದಾಗ ಹುಳು ಒಂದೆರಡಿದ್ದರೆ ಬಲಿಷ್ಠ ಹುಲ್ಲು ಅದನ್ನು ತಾಳಿಕೊಳ್ಳುತ್ತದೆ, ಐದಾರು ದಾಟಿದರೆ ಕ್ರಮ ಬೇಕು. ವರ್ಷಕ್ಕೊಂದೇ ಪೀಳಿಗೆಯಿರುವ ಈ ಕೀಟಕ್ಕೆ ಅತ್ಯಂತ ಫಲಕಾರಿ ಹೊತ್ತೆಂದರೆ ಆ ಮೊದಲ ಮಳೆಯ ಸಂಜೆಗಳು: ಮರದ ಕೊಂಬೆ ಅಲುಗಿಸಿ ಉದುರಿದ ದುಂಬಿಗಳನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕುವ ಶೇಂಗಾ ರೈತರ ಪದ್ಧತಿ ಉದ್ಯಾನಕ್ಕೂ ಸಲ್ಲುತ್ತದೆ.

ಹುಳುವಿಗೆ ವಿಷ ಸುರಿಯುವ ದಾರಿಯ ಫಲವನ್ನು ಅಮೆರಿಕ ದುಬಾರಿ ಬೆಲೆ ತೆತ್ತು ಕಲಿತಿದೆ. 1916ರಲ್ಲಿ ನ್ಯೂಜೆರ್ಸಿಯ ನರ್ಸರಿಯೊಂದರಲ್ಲಿ ಕಂಡ ಜಪಾನೀ ದುಂಬಿಯ ಗೊಣ್ಣೆಹುಳು ಅಲ್ಲಿನ ಅಂಗಳಗಳನ್ನು ಕಾಡಿದಾಗ, ಪೂರ್ವದ ರಾಜ್ಯಗಳಲ್ಲಿ ಪರಾವಲಂಬಿ ಕಣಜಗಳೂ ಹುಳುವಿನ ರಕ್ತವನ್ನು ಹಾಲಿನಂತೆ ಬೆಳ್ಳಗಾಗಿಸಿ ಕೊಲ್ಲುವ ಬ್ಯಾಕ್ಟೀರಿಯವೂ ಅದನ್ನು ಹತೋಟಿಗೆ ತಂದಿದ್ದವು. ಅಷ್ಟಾದರೂ ಇಲಿನಾಯ್ ರಾಜ್ಯದ ಶೆಲ್ಡನ್ ಪ್ರದೇಶದಲ್ಲಿ 1954ರಿಂದ ಡೀಲ್ಡ್ರಿನ್ ಎಂಬ ಕೀಟನಾಶಕ ಸುರಿಸಿ ಹಕ್ಕಿಗಳನ್ನೂ ಅಳಿಲುಗಳನ್ನೂ ಸಾಕುಬೆಕ್ಕುಗಳನ್ನೂ ಬಲಿಗೊಟ್ಟ ಸಂಗತಿಯನ್ನು ರೇಚಲ್ ಕಾರ್ಸನ್ 1962ರ ತಮ್ಮ ಸೈಲೆಂಟ್ ಸ್ಪ್ರಿಂಗ್ ಗ್ರಂಥದಲ್ಲಿ ದಾಖಲಿಸಿದರು. ಗಾಲ್ಫ್ ಅಂಗಳದ ಹುಲ್ಲು ಮೇಯ್ದ ಬಾತುಗಳು ಗುಂಪುಗುಂಪಾಗಿ ಸತ್ತ ಬಳಿಕ ಡಯಾಜಿನಾನ್ ಎಂಬ ಕೀಟನಾಶಕದ ಬಳಕೆಯನ್ನು ಅಲ್ಲಿ 1988ರಲ್ಲಿ ನಿಲ್ಲಿಸಲಾಯಿತು. ಭಾರತದ 2018ರ ನಿಷೇಧದಲ್ಲಿ ಅದೂ ಸೇರಿತ್ತು. ಗೊಣ್ಣೆಹುಳುವಿಗೆಂದು ಇಲ್ಲಿ ದಶಕಗಳ ಕಾಲ ಚೆಲ್ಲಿದ ಫೊರೇಟ್ ಹರಳುಗಳೂ ಅದೇ ಆದೇಶದಂತೆ 2020ರ ಕೊನೆಗೆ ನಿಂತವು. ಬದಲಿ ದಾರಿ ಮಣ್ಣಿನಲ್ಲೇ ಇದೆ. ಮೆಟಾರೈಜಿಯಂ ಎಂಬ ಹಸಿರು ಶಿಲೀಂಧ್ರವು ಹುಳುವಿನ ಚರ್ಮ ಕೊರೆದು ಒಳಹೊಕ್ಕು ಕೊಲ್ಲುತ್ತದೆ. ಹೆಟೆರೊರ್‍ಯಾಬ್ಡೈಟಿಸ್ ಇಂಡಿಕ ಎಂಬ ಸೂಕ್ಷ್ಮ ದುಂಡುಜಂತು ತನ್ನ ಕರುಳಿನಲ್ಲಿ ಹೊತ್ತ ಬ್ಯಾಕ್ಟೀರಿಯವನ್ನು ಹುಳುವಿನೊಳಗೆ ಬಿಟ್ಟು ಒಂದೆರಡು ದಿನದಲ್ಲೇ ಸಾಯಿಸುತ್ತದೆ, ಸತ್ತ ಹುಳು ಇಟ್ಟಿಗೆಗೆಂಪಾಗುತ್ತದೆ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯು ಈ ಜಂತುವನ್ನು ಪುಡಿಯ ರೂಪದಲ್ಲಿ ರೈತರಿಗೆ ತಲುಪುವಂತೆ ಮಾಡಿದೆ. ಇವೆರಡಕ್ಕೂ ತೇವವಿರುವ ಮಣ್ಣು, ಸಂಜೆಯ ಹೊತ್ತು ಮತ್ತು ಎಳೆಯ ಹುಳು ಬೇಕು. ಬಿಸಿಲಲ್ಲಿ ಒಣ ನೆಲಕ್ಕೆ ಹಾಕಿ ಫಲವಿಲ್ಲವೆಂದು ದೂರುವುದು ಆ ಜೀವಿಗಳ ತಪ್ಪಲ್ಲ.

ಎಲೆ ತಿನ್ನುವ ಹುಳುಗಳಲ್ಲಿ 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮುಸುಕಿನಜೋಳದಲ್ಲಿ ಭಾರತದಲ್ಲೇ ಮೊದಲು ಪತ್ತೆಯಾದ ಫಾಲ್ ಸೈನಿಕಹುಳುವಿನ ಮೇಲೆ ಕಣ್ಣಿಡಬೇಕಾಗಿದೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಅದು ಗರಿಕೆಯ ಅಂಗಳಗಳ ಹಳೆಯ ಪೀಡೆ. 2021ರಲ್ಲಿ ಅಲ್ಲಿ ಒಂದೆರಡು ರಾತ್ರಿಗಳಲ್ಲೇ ಹಸಿರು ಅಂಗಳಗಳು ಕಂದಾದವು. ಸಂದೇಹ ಬಂದರೆ ನಾಲ್ಕು ಲೀಟರ್ ನೀರಿಗೆ ಎರಡು ಚಮಚ ಪಾತ್ರೆ ತೊಳೆಯುವ ಸಾಬೂನುದ್ರವ ಬೆರೆಸಿ ಒಂದು ಚದರ ಮೀಟರಿಗೆ ಸುರಿದರೆ ಅಡಗಿದ ಹುಳುಗಳು ಹತ್ತು ನಿಮಿಷದೊಳಗೆ ಮೇಲೆ ಬರುತ್ತವೆ. ಏನೂ ಬರದಿದ್ದರೆ ಸಿಂಪಡಣೆಯೂ ಬೇಡ. ಗೆದ್ದಲು ಸಾಮಾನ್ಯವಾಗಿ ಒಣಗಿದ, ಸತ್ತ ಬುಡಕ್ಕೆ ಬರುವಂಥದು. ಅದಕ್ಕೆ ಮದ್ದಿಗಿಂತ ನೀರು ಮತ್ತು ಒಣಪದರದ ಸ್ವಚ್ಛತೆಯೇ ಮುಖ್ಯ.

ಈ ಎಲ್ಲ ತಿಳಿವಳಿಕೆ ಕೊನೆಗೆ ಕೆಲಸಕ್ಕೆ ಬರುವುದು ಹುಲ್ಲಿನ ಮೇಲೆ ಬಗ್ಗಿ ನಿಂತ ಮಾಲಿಯ ಕೈಯಲ್ಲಿ. ಇಬ್ಬನಿಯನ್ನೂ ಮಚ್ಚೆಯನ್ನೂ ಮೊದಲು ಕಾಣುವವನು ಅವನು, ಪಂಪನ್ನು ಬೆನ್ನಿಗೇರಿಸಿಕೊಂಡು ಬರಿಗಾಲಲ್ಲಿ ಒದ್ದೆ ಹುಲ್ಲಿನ ಮೇಲೆ ನಡೆಯುವವನೂ ಅವನು. ಭಾರತದಲ್ಲಿ ಮಾರುವ ಪ್ರತಿಯೊಂದು ಪೀಡೆನಾಶಕದ ಡಬ್ಬಿಯ ಮೇಲೆ ಬಣ್ಣದ ತ್ರಿಕೋನವಿರಬೇಕೆಂದು ಕಾನೂನಿದೆ. ಕೆಂಪು ಅತಿ ತೀವ್ರ ವಿಷ, ಹಳದಿ ತೀವ್ರ, ನೀಲಿ ಮಧ್ಯಮ, ಹಸಿರು ಅಲ್ಪ. ಡಬ್ಬಿಯ ಮೇಲಿನ ಅಕ್ಷರಗಳು ಓದಲಾಗದಷ್ಟು ಸಣ್ಣವಾದರೂ ಬಣ್ಣವನ್ನು ಯಾರಾದರೂ ಓದಬಲ್ಲರು. ಉದ್ಯಾನವನ್ನೋ ಮೈದಾನವನ್ನೋ ಬಡಾವಣೆಯ ಅಂಗಳವನ್ನೋ ನಡೆಸುವವರು ಈ ನಾಲ್ಕು ಬಣ್ಣಗಳ ಅರ್ಥವನ್ನು ಅವನ ಭಾಷೆಯಲ್ಲಿ ಹೇಳಿಕೊಡಲಿ, ಕೈಗವಸು, ಮುಖಗವಸು ಮತ್ತು ಮೊಣಕಾಲೆತ್ತರದ ಬೂಟು ಕೊಡದೆ ಪಂಪು ಕೊಡದಿರಲಿ, ಸಿಂಪಡಿಸಿದ ಹುಲ್ಲು ಪೂರ್ತಿ ಒಣಗುವವರೆಗೆ ಮಕ್ಕಳನ್ನು ಅದರ ಮೇಲೆ ಬಿಡದಿರಲಿ.